ಊರಿಲ್ಲದ ಕಡೆಯೂ ರೈಲು ನಿಲ್ದಾಣ ಏಕೆ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ಘಟ್ಟ ಇಳಿಯುವ ರೈಲು ಮಾರ್ಗದಲ್ಲಿ ಎಡಕುಮೇರಿ ಎಂಬ ನಿಲ್ದಾಣವಿದೆ. ಸುತ್ತ ಕಾಡು, ಕೆಳಗೆ ಕಣಿವೆ, ಹಿಂದೆ ಮುಂದೆ ಸುರಂಗಗಳು. ಟಿಕೆಟ್ ಕೊಳ್ಳಲು ಜನ ಬರುವಂಥ ಊರು ಹತ್ತಿರದಲ್ಲೆಲ್ಲೂ ಇಲ್ಲ. ಆದರೂ ಅಲ್ಲಿ ಸ್ಟೇಷನ್ ಮಾಸ್ಟರ್ ಇದ್ದಾರೆ, ಹಳಿಯ ಕವಲು ತಿರುಗಿಸುವ ಪಾಯಿಂಟ್ಸ್‌ಮನ್ ಇದ್ದಾರೆ, ಸಿಗ್ನಲ್‌ಗಳಿವೆ, ಮುಖ್ಯ ಹಳಿಯ ಪಕ್ಕದಲ್ಲಿ ರೈಲು ನಿಲ್ಲಿಸಿಕೊಳ್ಳಲು ಬೇರೆ ಹಳಿಯೂ ಇದೆ. ಹಗಲು ರಾತ್ರಿಯೆನ್ನದೆ ಪಾಳಿಯ ಮೇಲೆ ಕೆಲಸ ನಡೆಯುತ್ತದೆ. ಪ್ರಯಾಣಿಕರೇ ಇಲ್ಲದ ಕಡೆ ಇಷ್ಟೆಲ್ಲ ಏರ್ಪಾಡು ಯಾರಿಗಾಗಿ ಎಂದು ಕೇಳುತ್ತಾ ಹೋದರೆ, ರೈಲು ನಿಲ್ದಾಣ ಮೂಲತಃ ಯಾವ ಕೆಲಸಕ್ಕೆ ಇರುವುದು ಎಂಬುದು ಸ್ಪಷ್ಟವಾಗುತ್ತದೆ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ನಿಂತವರಿಗೆ ಅದು ಸುಲಭಕ್ಕೆ ಕಾಣುವುದಿಲ್ಲ. ಅಲ್ಲಿನ ಜನಸಂದಣಿ ಉಳಿದದ್ದನ್ನೆಲ್ಲ ಮರೆಮಾಡಿರುತ್ತದೆ.

ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಗಳು ನಿಲ್ದಾಣಕ್ಕೆ ಎರಡು ಲಕ್ಷಣಗಳನ್ನು ಹೇಳುತ್ತವೆ. ಸಂಚಾರದ ವ್ಯವಹಾರ ನಡೆಯುವ, ಅಂದರೆ ಜನ ಹತ್ತಿಳಿಯುವ ಅಥವಾ ಸರಕು ತುಂಬಿ ಇಳಿಸುವ ಸ್ಥಳ ನಿಲ್ದಾಣ. ಹಾಗೆಯೇ, ರೈಲಿಗೆ ಮುಂದಕ್ಕೆ ಹೋಗಲು ಅಧಿಕಾರ ಕೊಡುವ ಸ್ಥಳವೂ ನಿಲ್ದಾಣ. ಇವೆರಡರಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದು. ಎರಡನೆಯದರ ಅರಿವು ರೈಲ್ವೆ ನೌಕರರ ಆಚೆಗೆ ಹೆಚ್ಚು ಜನರಿಗಿಲ್ಲ. ಆದರೆ ರೈಲು ಏಕೆ ತಡವಾಗುತ್ತದೆ, ಹೊಸ ರೈಲು ಬಿಡಿ ಎಂದರೆ ಇಲಾಖೆ ಏಕೆ ಹಿಂದೆಮುಂದೆ ನೋಡುತ್ತದೆ, ನಡುಕಾಡಿನಲ್ಲಿ ಗಾಡಿ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರವಿರುವುದು ಈ ಎರಡನೆಯ ಲಕ್ಷಣದಲ್ಲಿಯೇ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ರಸ್ತೆಯ ಮೇಲೆ ಬಸ್ಸಿನ ಚಾಲಕ ಎದುರಿಗೆ ಬರುವ ಲಾರಿಯನ್ನು ಕಂಡು ಪಕ್ಕಕ್ಕೆ ಸರಿಯಬಲ್ಲ, ಮುಂದಿನ ವಾಹನ ನಿಂತರೆ ತಾನೂ ನಿಲ್ಲಿಸಬಲ್ಲ. ರೈಲಿಗೆ ಇವೆರಡೂ ಸಾಧ್ಯವಿಲ್ಲ. ಅದು ಹಳಿ ಬಿಟ್ಟು ಸರಿಯಲಾರದು; ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆಯಿರುವುದರಿಂದ, ವೇಗದಲ್ಲಿರುವ ಭಾರದ ಗಾಡಿ ಬ್ರೇಕ್ ಹಾಕಿದ ಮೇಲೆಯೂ ಒಂದು ಕಿಲೋಮೀಟರಿನ ಆಸುಪಾಸು ಓಡಿ ನಿಲ್ಲುತ್ತದೆ. ಇಂದಿನ ಬಣ್ಣದ ದೀಪಗಳ ಸಿಗ್ನಲ್ ವ್ಯವಸ್ಥೆಯಲ್ಲಿ, ನಿಲ್ದಾಣದೊಳಕ್ಕೆ ಬಿಡುವ ಹೋಮ್ ಸಿಗ್ನಲ್ ಕೆಂಪಾಗಿದೆಯೋ ಹಸಿರಾಗಿದೆಯೋ ಎಂದು ಮೊದಲೇ ಸೂಚಿಸುವ ಡಿಸ್ಟೆಂಟ್ ಸಿಗ್ನಲನ್ನು ಒಂದು ಕಿಲೋಮೀಟರ್ ಹಿಂದೆ ನೆಡುವುದು ಈ ಕಾರಣಕ್ಕೇ. ತಿರುವು, ಸುರಂಗ, ಮಂಜು, ಮಳೆ ಇರುವ ದಾರಿಯಲ್ಲಿ ಲೋಕೋ ಪೈಲಟ್‌ನ ಕಣ್ಣಿಗೆ ಅಷ್ಟು ದೂರ ಕಾಣುವುದೇ ಇಲ್ಲ. ಆದ್ದರಿಂದ ಎದುರಿಗೆ ಗಾಡಿ ಇದೆಯೋ ಇಲ್ಲವೋ ಎಂಬುದನ್ನು ನೋಡಿ ತೀರ್ಮಾನಿಸುವ ಹೊಣೆಯನ್ನು ಅವನ ಮೇಲೆ ಹೊರಿಸುವ ಹಾಗಿಲ್ಲ. ದಾರಿ ಖಾಲಿಯಿದೆ ಎಂದು ಖಾತ್ರಿಪಡಿಸಿಕೊಂಡು ಹೇಳುವವರು ಬೇರೆ ಇರಬೇಕು, ಅವರು ಕುಳಿತುಕೊಳ್ಳಲು ಒಂದು ಜಾಗ ಇರಬೇಕು. ಆ ಜಾಗವೇ ನಿಲ್ದಾಣ.

ಹೀಗೆ ಇಡೀ ಮಾರ್ಗವನ್ನು ನಿಲ್ದಾಣಗಳ ನಡುವಿನ ತುಂಡುಗಳಾಗಿ ವಿಂಗಡಿಸಲಾಗಿದೆ. ಒಂದೊಂದು ತುಂಡಿಗೂ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ನಿಯಮ ಸರಳವಾದದ್ದು: ಒಂದು ಹೊತ್ತಿಗೆ ಒಂದು ಬ್ಲಾಕ್ ಸೆಕ್ಷನ್‌ನಲ್ಲಿ ಒಂದೇ ಗಾಡಿ. ಗಾಡಿಯೊಂದನ್ನು ಕಳುಹಿಸಬೇಕಾದ ಸ್ಟೇಷನ್ ಮಾಸ್ಟರ್ ಮುಂದಿನ ನಿಲ್ದಾಣದವರನ್ನು ಕೇಳಿ ಒಪ್ಪಿಗೆ ಪಡೆಯಬೇಕು; ಈ ಒಪ್ಪಿಗೆಗೆ ಲೈನ್ ಕ್ಲಿಯರ್ ಎಂದು ಹೆಸರು. ಲೈನ್ ಕ್ಲಿಯರ್ ಸಿಗದೆ ಮುಖ್ಯಮಂತ್ರಿಯವರೇ ಕುಳಿತಿರುವ ಗಾಡಿಯೂ ಹೊರಡುವಂತಿಲ್ಲ.

ಈ ಒಪ್ಪಿಗೆಯನ್ನು ಬಾಯಿಮಾತಿಗೆ ಬಿಡದೆ ಯಂತ್ರಕ್ಕೆ ಕಟ್ಟಿಹಾಕಿದ್ದೇ ರೈಲ್ವೆಯ ಸುರಕ್ಷತೆಯ ಬುನಾದಿ. ಏಕಮಾರ್ಗದಲ್ಲಿ ಬಹುಕಾಲ ನಡೆದುಬಂದ ನೀಲ್ಸ್ ಟೋಕನ್ ಯಂತ್ರ ಇದಕ್ಕೆ ಒಳ್ಳೆಯ ನಿದರ್ಶನ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಜೋಡಿಸಿದ ಎರಡು ಯಂತ್ರಗಳಿರುತ್ತವೆ, ಅವುಗಳೊಳಗೆ ಉಕ್ಕಿನ ಗುಂಡುಗಳಿರುತ್ತವೆ. ಮುಂದಿನ ನಿಲ್ದಾಣದವರು ತಮ್ಮ ಯಂತ್ರದಿಂದ ಸಮ್ಮತಿಸಿದಾಗ ಮಾತ್ರ ಇತ್ತ ಒಂದು ಗುಂಡು ಹೊರಬೀಳುತ್ತದೆ. ಅದು ಹೊರಬಿದ್ದ ಮೇಲೆ, ಎರಡರಲ್ಲಿ ಒಂದು ಯಂತ್ರಕ್ಕೆ ಅದನ್ನು ಮರಳಿ ಹಾಕುವವರೆಗೆ, ಎರಡೂ ಕಡೆ ಇನ್ನೊಂದು ಗುಂಡು ಬರುವುದಿಲ್ಲ. ಆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲಕ್ಕೆ ದೊಡ್ಡ ಬಳೆಯಂಥ ಹಿಡಿ ಕಟ್ಟಿ, ಓಡುತ್ತಿರುವ ಎಂಜಿನ್‌ಗೆ ಕೊಡುತ್ತಿದ್ದರು. ಎಂಜಿನ್‌ನವರು ಹಿಂದಿನ ಸೆಕ್ಷನ್‌ನ ಬಳೆಯನ್ನು ಎಸೆದು ಮುಂದಿನದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗುವುದನ್ನು ಹಳೆಯ ಮೀಟರ್‌ಗೇಜ್ ಕಾಲದವರು ನೋಡಿಯೇ ಇರುತ್ತಾರೆ. ಗುಂಡು ಕೈಯಲ್ಲಿದೆ ಎಂದರೆ ಆ ಸೆಕ್ಷನ್ ತನ್ನದು, ಎದುರಿನಿಂದ ಯಾರೂ ಬರಲಾರರು ಎಂದು ಅರ್ಥ. ಈಗ ಬಹುತೇಕ ಕಡೆ ಟೋಕನ್ ಇಲ್ಲದ ಯಂತ್ರಗಳು ಬಂದಿವೆ, ಗಾಲಿಗಳನ್ನು ಎಣಿಸುವ ಆಕ್ಸಲ್ ಕೌಂಟರ್‌ಗಳು ಬಂದಿವೆ. ಹಿಂದಿರುವ ತರ್ಕ ಮಾತ್ರ ಅದೇ.

ಏಕಮಾರ್ಗದ ಒಂದು ನಿಲ್ದಾಣದಲ್ಲಿ ಎದುರುಬದುರಾಗಿ ಬರುವ ಎರಡು ರೈಲುಗಳು ಹೇಗೆ ದಾಟಿಕೊಳ್ಳುತ್ತವೆ ಎಂಬುದನ್ನು ಹಂತಹಂತವಾಗಿ ನೋಡೋಣ. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಪೂರ್ವದಿಂದ ಒಂದು ಗೂಡ್ಸ್, ಪಶ್ಚಿಮದಿಂದ ಒಂದು ಎಕ್ಸ್‌ಪ್ರೆಸ್ ಬರುತ್ತಿವೆ ಎಂದಿಟ್ಟುಕೊಳ್ಳಿ. ವಿಭಾಗೀಯ ಕಚೇರಿಯಲ್ಲಿ ಕುಳಿತ ಕಂಟ್ರೋಲರ್ ಇಡೀ ಮಾರ್ಗದ ಗಾಡಿಗಳ ನಕ್ಷೆಯನ್ನು ಮುಂದಿಟ್ಟುಕೊಂಡು, ಇಂಥ ನಿಲ್ದಾಣದಲ್ಲಿ ಗೂಡ್ಸನ್ನು ನಿಲ್ಲಿಸಿ ಎಕ್ಸ್‌ಪ್ರೆಸ್ ಬಿಡಿ ಎಂದು ತಿಳಿಸುತ್ತಾರೆ. ಸ್ಟೇಷನ್ ಮಾಸ್ಟರ್ ಪೂರ್ವದ ನಿಲ್ದಾಣಕ್ಕೆ ಲೈನ್ ಕ್ಲಿಯರ್ ಕೊಡುತ್ತಾರೆ. ಲೈನ್ ಕ್ಲಿಯರ್‌ನಂಥ ಮುಖ್ಯವಾದ ಮಾತನ್ನು ಫೋನಿನಲ್ಲಿ ಆಡಬೇಕಾಗಿ ಬಂದಾಗ, ಗುಟ್ಟಾಗಿ ಮುದ್ರಿಸಿಟ್ಟ ಹಾಳೆಯಿಂದ ಎರಡಂಕಿಯ ಒಂದು ಪ್ರೈವೇಟ್ ನಂಬರನ್ನು ಹೇಳುತ್ತಾರೆ. ಹೇಳಿದವರು ಅದನ್ನು ಹಾಳೆಯಲ್ಲಿ ಹೊಡೆದುಹಾಕಬೇಕು, ಕೇಳಿದವರು ಬರೆದುಕೊಳ್ಳಬೇಕು. ನಾಳೆ ಯಾರೂ ನಾನು ಹಾಗೆ ಹೇಳಲೇ ಇಲ್ಲ ಎನ್ನುವಂತಿಲ್ಲ. ಗಾಡಿ ಹೊರಟದ್ದು, ಬಂದದ್ದು, ಹೋದದ್ದು ಎಲ್ಲವೂ ನಿಮಿಷದ ಲೆಕ್ಕದಲ್ಲಿ ಟ್ರೈನ್ ರಿಜಿಸ್ಟರ್‌ಗೆ ಏರುತ್ತವೆ.

ಗೂಡ್ಸ್ ಮೊದಲು ಬಂತು. ಪಾಯಿಂಟ್ ಎಂಬ ಹಳಿಯ ಕವಲನ್ನು ತಿರುಗಿಸಿ ಅದನ್ನು ಪಕ್ಕದ ಹಳಿಯಾದ ಲೂಪ್ ಲೈನ್‌ಗೆ ತೆಗೆದುಕೊಳ್ಳುತ್ತಾರೆ. ಕವಲಿನ ಬಾಗು ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಇಲ್ಲಿ ವೇಗ ಗಂಟೆಗೆ 15 ಅಥವಾ 30 ಕಿಲೋಮೀಟರ್‌ಗೆ ಇಳಿಯಬೇಕು. ಅರ್ಧ ಕಿಲೋಮೀಟರಿಗೂ ಉದ್ದದ ಗಾಡಿ ಆ ವೇಗದಲ್ಲಿ ಒಳಬಂದು ಮುಗಿಯುವುದಕ್ಕೇ ಕೆಲವು ನಿಮಿಷ ಬೇಕು. ಗಾಡಿಯ ಬಾಲ ಎರಡು ಹಳಿಗಳು ಕೂಡುವ ಜಾಗದ ಗುರುತುಕಲ್ಲನ್ನು ದಾಟಿ ಒಳಬಂದಿದೆಯೇ ಎಂದು ನೋಡಬೇಕು. ಒಂದು ವ್ಯಾಗನ್ ಅದರಾಚೆ ಉಳಿದರೂ ಮುಖ್ಯ ಹಳಿಯಲ್ಲಿ ಬರುವ ಗಾಡಿ ಅದಕ್ಕೆ ತಾಗುತ್ತದೆ. ಇದೆಲ್ಲ ಆದ ಮೇಲೆ ಪಾಯಿಂಟನ್ನು ಮತ್ತೆ ಮುಖ್ಯ ಹಳಿಗೆ ತಿರುಗಿಸಿ, ಪೂರ್ವದ ನಿಲ್ದಾಣದಿಂದ ಎಕ್ಸ್‌ಪ್ರೆಸ್‌ಗೆ ಲೈನ್ ಕ್ಲಿಯರ್ ಪಡೆದು, ಸಿಗ್ನಲ್ ಹಸಿರು ಮಾಡುತ್ತಾರೆ.

ಎಕ್ಸ್‌ಪ್ರೆಸ್ ನಿಲ್ಲದೆ ಹಾಯ್ದುಹೋಗುವಾಗ ಸ್ಟೇಷನ್ ಮಾಸ್ಟರ್ ಹೊರಗೆ ಬಂದು ಹಸಿರು ಬಾವುಟ ಹಿಡಿದು ನಿಲ್ಲುತ್ತಾರೆ. ಆಚೆ ಬದಿಯಲ್ಲಿ ಪಾಯಿಂಟ್ಸ್‌ಮನ್ ನಿಂತಿರುತ್ತಾನೆ. ಕಿಟಕಿಯಲ್ಲಿ ಕುಳಿತವರಿಗೆ ಇದು ವಂದನೆಯಂತೆ ಕಾಣಬಹುದು. ನಿಜವಾಗಿ ಅವರಿಬ್ಬರೂ ಗಾಡಿಯನ್ನು ಎರಡು ಬದಿಯಿಂದ ತಪಾಸಣೆ ಮಾಡುತ್ತಿರುತ್ತಾರೆ: ಯಾವುದಾದರೂ ಭಾಗ ಜೋತು ಬಿದ್ದಿದೆಯೇ, ಗಾಲಿಯಿಂದ ಕಿಡಿ ಹಾರುತ್ತಿದೆಯೇ, ಆಕ್ಸಲ್ ಬಿಸಿಯಾಗಿ ಹೊಗೆ ಬರುತ್ತಿದೆಯೇ, ಬಾಗಿಲು ತೆರೆದುಕೊಂಡಿದೆಯೇ. ಕೊನೆಗೆ ಅವರ ಕಣ್ಣು ಹುಡುಕುವುದು ಕಟ್ಟಕಡೆಯ ಬೋಗಿಯ ಹಿಂದಿನ ದೊಡ್ಡ ಗುಣಿಸು ಚಿಹ್ನೆಯನ್ನು, ಅದರ ಜೊತೆಗಿರುವ ಎಲ್‌ವಿ (ಲಾಸ್ಟ್ ವೆಹಿಕಲ್, ಕಡೆಯ ಬೋಗಿ) ಎಂಬ ಪುಟ್ಟ ಫಲಕವನ್ನು, ರಾತ್ರಿಯಾದರೆ ಮಿನುಗುವ ಕೆಂಪು ದೀಪವನ್ನು. ಅದು ಕಂಡರೆ ಗಾಡಿ ಪೂರ್ತಿಯಾಗಿ ಬಂದಿದೆ ಎಂದು ಲೆಕ್ಕ. ಕಾಣದಿದ್ದರೆ, ಒಂದೆರಡು ಬೋಗಿ ಕಳಚಿಕೊಂಡು ಹಿಂದಿನ ಸೆಕ್ಷನ್‌ನಲ್ಲೇ ಉಳಿದಿರಬಹುದು. ಆ ಸೆಕ್ಷನ್‌ಗೆ ಇನ್ನೊಂದು ಗಾಡಿ ಬಿಡುವಂತಿಲ್ಲ. ಕಡೆಯ ಬೋಗಿಯನ್ನು ಕಂಡ ಮೇಲಷ್ಟೇ ಸೆಕ್ಷನ್ ಖಾಲಿಯಾಯಿತು ಎಂಬ ಸುದ್ದಿ ಹಿಂದಿನ ನಿಲ್ದಾಣಕ್ಕೆ ಹೋಗುತ್ತದೆ, ಕಾದು ನಿಂತ ಗೂಡ್ಸ್‌ಗೆ ಆ ಕಡೆಯ ಲೈನ್ ಕ್ಲಿಯರ್ ಸಿಗುತ್ತದೆ. ಎಲ್ಲವೂ ಸರಿಯಾಗಿ ನಡೆದರೂ ಒಂದು ಕ್ರಾಸಿಂಗ್‌ಗೆ ಕಾಲು ಗಂಟೆ ಹಿಡಿಯುವುದು ಅಪರೂಪವೇನಲ್ಲ.

ನಿಲ್ದಾಣ ಕಣ್ಣಿಗೆ ಕಾಣುತ್ತಿದ್ದರೂ ಗಾಡಿಯನ್ನು ಔಟರ್‌ನಲ್ಲಿ ಏಕೆ ನಿಲ್ಲಿಸುತ್ತಾರೆ ಎಂದು ಬೈದುಕೊಳ್ಳದ ಪ್ರಯಾಣಿಕರಿಲ್ಲ. ಪ್ಲಾಟ್‌ಫಾರ್ಮ್ ಖಾಲಿಯಿಲ್ಲದಿರುವುದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟು ಪ್ರಚಾರದಲ್ಲಿಲ್ಲ. ಒಳಬರುವ ಗಾಡಿ, ಮುಂದೆ ಹೊರಡಲು ಅನುಮತಿ ಕೊಡುವ ಸ್ಟಾರ್ಟರ್ ಸಿಗ್ನಲ್‌ನ ಬುಡದಲ್ಲಿ ನಿಲ್ಲಬೇಕಾದರೂ, ಒಂದು ವೇಳೆ ಬ್ರೇಕ್ ಹಿಡಿಯದೆ ಸ್ವಲ್ಪ ಮುಂದೆ ಜಾರಿದರೆ ಏನೂ ಆಗಬಾರದೆಂದು, ಸಿಗ್ನಲ್‌ನಾಚೆಗೂ 120 ಮೀಟರ್ ಹಳಿಯನ್ನು ಖಾಲಿ ಬಿಟ್ಟಿರಬೇಕೆಂಬ ನಿಯಮವಿದೆ. ಹಳೆಯ ಕೈಮರದ ಸಿಗ್ನಲ್‌ಗಳ ಕಾಲದಲ್ಲಿ ಇದು 180 ಮೀಟರ್ ಇತ್ತು. ಏಕಮಾರ್ಗದ ಸಣ್ಣ ನಿಲ್ದಾಣದಲ್ಲಿ ಈ ಹೆಚ್ಚುವರಿ ಹಳಿ ಎದುರಿನ ಗಾಡಿ ಒಳಬರುವ ದಾರಿಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಎರಡು ಕಡೆಯ ಗಾಡಿಗಳನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳಲು ಅನೇಕ ಕಡೆ ಆಗುವುದಿಲ್ಲ. ಒಂದು ಒಳಬಂದು ನಿಂತ ಮೇಲೆ ಇನ್ನೊಂದರ ಸರದಿ. ಹೊರಗೆ ನಿಂತ ಗಾಡಿಯವರಿಗೆ ಮುಂದಿನ ಹಳಿ ಖಾಲಿಯಾಗಿ ಕಾಣುತ್ತದೆ. ಆ ಖಾಲಿತನವನ್ನು ಬೇಕೆಂದೇ ಕಾಯ್ದಿರಿಸಲಾಗಿರುತ್ತದೆ.

ಈಗ ಎಡಕುಮೇರಿಯ ಪ್ರಶ್ನೆಗೆ ಬರಬಹುದು. ಒಂದು ಏಕಮಾರ್ಗದಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದೆಂದು ಅಂದಾಜು ಮಾಡಲು ನಮ್ಮ ರೈಲ್ವೆಯಲ್ಲಿ ಸ್ಕಾಟ್ ಸೂತ್ರವನ್ನು ಬಳಸುತ್ತಾರೆ. ದಿನದ 1,440 ನಿಮಿಷಗಳನ್ನು, ಅತಿ ಹೆಚ್ಚು ಹೊತ್ತು ಹಿಡಿಯುವ ಬ್ಲಾಕ್ ಸೆಕ್ಷನ್‌ನಲ್ಲಿ ನಿಧಾನದ ಗಾಡಿಯೊಂದು ಓಡುವ ವೇಳೆ ಮತ್ತು ಲೈನ್ ಕ್ಲಿಯರ್ ವ್ಯವಹಾರದ ವೇಳೆ ಇವೆರಡರ ಮೊತ್ತದಿಂದ ಭಾಗಿಸಿ, ಬಂದದ್ದರಲ್ಲಿ ನೂರಕ್ಕೆ 70 ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಆ ಸೂತ್ರದ ಸಾರ. ಉದಾಹರಣೆಗೆ, ಎರಡು ನಿಲ್ದಾಣಗಳ ನಡುವೆ ಗಾಡಿ ಓಡಲು 20 ನಿಮಿಷ, ಲೈನ್ ಕ್ಲಿಯರ್‌ಗೆ 5 ನಿಮಿಷ ಎಂದುಕೊಳ್ಳೋಣ. 1,440ನ್ನು 25ರಿಂದ ಭಾಗಿಸಿದರೆ 57 ಚಿಲ್ಲರೆ. ಅದರ ನೂರಕ್ಕೆ 70 ಎಂದರೆ ಎರಡೂ ದಿಕ್ಕು ಸೇರಿ ದಿನಕ್ಕೆ 40 ಗಾಡಿ. ಆ ಎರಡು ನಿಲ್ದಾಣಗಳ ನಟ್ಟನಡುವೆ ಇನ್ನೊಂದು ಕ್ರಾಸಿಂಗ್ ನಿಲ್ದಾಣ ಕಟ್ಟಿದರೆ ಓಟದ ವೇಳೆ 10 ನಿಮಿಷಕ್ಕೆ ಇಳಿಯುತ್ತದೆ, ಭಾಜಕ 15 ಆಗುತ್ತದೆ, ಗಾಡಿಗಳ ಸಂಖ್ಯೆ 67ಕ್ಕೆ ಏರುತ್ತದೆ. ಹೊಸದಾಗಿ ಹಾಕಿದ್ದು ಒಂದು ಲೂಪ್ ಲೈನ್, ನಾಲ್ಕಾರು ಸಿಗ್ನಲ್, ಒಂದು ಕೋಣೆ. ದೊರೆತದ್ದು ಇಡೀ ಮಾರ್ಗಕ್ಕೆ ಒಂದೂವರೆ ಪಟ್ಟಿಗಿಂತ ಹೆಚ್ಚಿನ ಸಾಮರ್ಥ್ಯ. ಊರಿದೆಯೋ ಇಲ್ಲವೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಅದೇ ಸೂತ್ರ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ನೂರಾರು ಕಿಲೋಮೀಟರ್ ಉದ್ದದ ಮಾರ್ಗದಲ್ಲಿ ಒಂದೇ ಒಂದು ಸೆಕ್ಷನ್ ಉದ್ದವಾಗಿದ್ದು ಅಥವಾ ಕಡಿದಾದ ಏರಿನಲ್ಲಿದ್ದು ಗಾಡಿ ಅಲ್ಲಿ ತೆವಳಬೇಕಾದರೆ, ಉಳಿದ ಕಡೆ ಎಷ್ಟು ವೇಗವಾಗಿ ಓಡಿದರೂ ದಿನದ ಗಾಡಿಗಳ ಸಂಖ್ಯೆಯನ್ನು ನಿರ್ಧರಿಸುವುದು ಆ ಒಂದು ಸೆಕ್ಷನ್ನೇ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ, 50 ಅಡಿಗೆ ಒಂದು ಅಡಿ ಏರುವ ಇಳಿಜಾರಿದೆ. ಗಾಡಿಗಳ ವೇಗ ಗಂಟೆಗೆ 30 ಕಿಲೋಮೀಟರ್ ಮೀರುವುದಿಲ್ಲ. 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದು, 1996ರಲ್ಲಿ ಗೇಜ್ ಪರಿವರ್ತನೆಗೆಂದು ಮುಚ್ಚಿ, 2006ರಲ್ಲಿ ಸರಕಿಗೂ 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರಿಗೂ ಮತ್ತೆ ತೆರೆದ ಈ ಮಾರ್ಗದ ಮೇಲೆ ಕರಾವಳಿಯವರ ಬೇಡಿಕೆಯ ಒತ್ತಡ ಸದಾ ಇದ್ದೇ ಇದೆ. ಎಡಕುಮೇರಿ, ಶಿರಿಬಾಗಿಲು, ಕಡಗರವಳ್ಳಿ, ದೋಣಿಗಲ್‌ಗಳು ಇಲ್ಲದಿದ್ದರೆ ಸಕಲೇಶಪುರ ಬಿಟ್ಟ ಗಾಡಿ ಘಟ್ಟ ಇಳಿದು ಮುಗಿಯುವವರೆಗೆ, ಎರಡು ಗಂಟೆಗೂ ಮಿಕ್ಕಿದ ಹೊತ್ತು, ಕೆಳಗಿನ ಗಾಡಿ ಕಾಯುತ್ತ ನಿಲ್ಲಬೇಕಾಗುತ್ತಿತ್ತು.

ಘಟ್ಟದಲ್ಲಿ ನಿಲ್ದಾಣ ಕಟ್ಟುವುದು ಹೇಳಿದಷ್ಟು ಸುಲಭವಲ್ಲ. ನಿಂತ ಗಾಡಿ ತಾನಾಗಿ ಉರುಳಬಾರದೆಂದು ನಿಲ್ದಾಣದ ಆವರಣದಲ್ಲಿ ಇಳಿಜಾರು ಸಾಮಾನ್ಯವಾಗಿ 400ಕ್ಕೆ 1ರಷ್ಟನ್ನು ಮೀರಬಾರದು. 1,200ಕ್ಕೆ 1 ಇದ್ದರೆ ಒಳ್ಳೆಯದೆಂಬ ಶಿಫಾರಸು ಇದೆ. ಬೆಟ್ಟದ ಬದಿಯಲ್ಲಿ ಮುಕ್ಕಾಲು ಕಿಲೋಮೀಟರ್ ಉದ್ದದ ಸಮತಟ್ಟು ಜಾಗ ಸಿಗುವುದೇ ದುರ್ಲಭ. ಇಲ್ಲದ ಕಡೆ ಬೆಟ್ಟ ಕಡಿದು ಮಾಡಬೇಕು. ಅದಕ್ಕಿಂತ ಮುಖ್ಯವಾದದ್ದು, ಇಳಿಜಾರಿನಲ್ಲಿ ಬ್ರೇಕ್ ತಪ್ಪಿದ ಗಾಡಿ ನಿಲ್ದಾಣಕ್ಕೆ ನುಗ್ಗಿದರೆ ಗತಿಯೇನು ಎಂಬ ಪ್ರಶ್ನೆ. ಇದಕ್ಕಾಗಿ ಕ್ಯಾಚ್ ಸೈಡಿಂಗ್ ಎಂಬ ಹಳಿಯನ್ನು ಬೆಟ್ಟದ ಮೇಲ್ಮುಖವಾಗಿ ಕವಲೊಡೆಸಿ ಬಿಟ್ಟಿರುತ್ತಾರೆ. ಪಾಯಿಂಟ್ ಯಾವಾಗಲೂ ಆ ಹಳಿಯ ಕಡೆಗೇ ತಿರುಗಿರುತ್ತದೆ. ಇಳಿದು ಬರುವ ಗಾಡಿ ಮೊದಲು ನಿಂತು, ತಾನು ಹತೋಟಿಯಲ್ಲಿದ್ದೇನೆ ಎಂದು ತೋರಿಸಿಕೊಟ್ಟ ಮೇಲೆಯೇ ಮುಖ್ಯ ಹಳಿ ತೆರೆಯುತ್ತದೆ. ನಿಲ್ಲಲಾರದ ಗಾಡಿ ಏರುಹಳಿಗೆ ಹೋಗಿ ಅಲ್ಲಿಯೇ ತನ್ನ ವೇಗ ಕಳೆದುಕೊಳ್ಳುತ್ತದೆ.

ಜೋಯಿಡಾ ತಾಲ್ಲೂಕಿನ ಕ್ಯಾಸಲ್ ರಾಕ್‌ನಿಂದ ಗೋವಾದ ಕುಲೆಮ್‌ಗೆ ಇಳಿಯುವ ದಾರಿ ಇನ್ನೂ ಕಡಿದು, 37ಕ್ಕೆ 1ರಷ್ಟು. ಅಲ್ಲಿಯೂ ಕಾರಂಜೋಲ್, ದೂಧ್‌ಸಾಗರ, ಸೋನಾಲಿಯಂ ನಿಲ್ದಾಣಗಳ ಮುಖ್ಯ ಕೆಲಸ ಗಾಡಿಗಳನ್ನು ಹದವಾಗಿ ಬಿಡುವುದೇ. ಘಟ್ಟ ಹತ್ತುವ ಗಾಡಿಯನ್ನು ಹಿಂದಿನಿಂದ ನೂಕಲು ಬ್ಯಾಂಕರ್ ಎಂಬ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸುವುದು, ಬಿಡಿಸುವುದು ಈ ಮಾರ್ಗದ ಎರಡು ತುದಿಯ ನಿಲ್ದಾಣಗಳ ನಿತ್ಯದ ಕೆಲಸ. ಕ್ಯಾಸಲ್ ರಾಕ್‌ಗೆ ಹಿಂದೆ ಇನ್ನೊಂದು ಕೆಲಸವೂ ಇತ್ತು. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾಗುವವರೆಗೆ ಅದು ಗಡಿ ನಿಲ್ದಾಣವಾಗಿತ್ತು. ಸುಂಕದ ತಪಾಸಣೆ ಅಲ್ಲಿ ನಡೆಯುತ್ತಿತ್ತು.

ಇಷ್ಟು ತಿಳಿದರೆ ರೈಲ್ವೆಯವರು ನಿಲ್ದಾಣಗಳಿಗೆ ಕೊಡುವ ದರ್ಜೆಗಳ ಅರ್ಥ ತಾನಾಗಿ ಹೊಳೆಯುತ್ತದೆ. ಎ, ಬಿ, ಸಿ ದರ್ಜೆಯವು ಬ್ಲಾಕ್ ನಿಲ್ದಾಣಗಳು, ಅಂದರೆ ಲೈನ್ ಕ್ಲಿಯರ್ ಕೊಡುವ ಅಧಿಕಾರವುಳ್ಳವು. ಎ ದರ್ಜೆಯಲ್ಲಿ, ಗಾಡಿ ಬಂದು ನಿಲ್ಲಬೇಕಾದ ಹಳಿ ಖಾಲಿಯಾದ ಮೇಲೆಯೇ ಲೈನ್ ಕ್ಲಿಯರ್ ಕೊಡಬೇಕು. ಬಿ ದರ್ಜೆಯಲ್ಲಿ ಹೋಮ್ ಸಿಗ್ನಲ್‌ನ ಹೊರಗೆ ಗಾಡಿ ನಿಲ್ಲಿಸಿಕೊಳ್ಳಲು ಸಾಕಷ್ಟು ಏರ್ಪಾಡು ಇರುವುದರಿಂದ ಒಳಗಿನ ಹಳಿ ತೆರವಾಗುವ ಮೊದಲೇ ಕೊಡಬಹುದು; ಏಕಮಾರ್ಗದ ಬಹುತೇಕ ನಿಲ್ದಾಣಗಳು ಈ ದರ್ಜೆಯವು. ಸಿ ದರ್ಜೆಯದು ಬರಿಯ ಬ್ಲಾಕ್ ಹಟ್. ಅಲ್ಲಿ ಗಾಡಿ ನಿಲ್ಲುವುದೆಂಬುದೇ ಇಲ್ಲ, ಉದ್ದವಾದ ಸೆಕ್ಷನ್ನನ್ನು ಎರಡು ಮಾಡುವುದಷ್ಟೇ ಅದರ ಉದ್ದೇಶ. ಡಿ ದರ್ಜೆ ಇದಕ್ಕೆ ತೀರ ವಿರುದ್ಧ: ಜನ ಹತ್ತಿಳಿಯುತ್ತಾರೆ, ಲೈನ್ ಕ್ಲಿಯರ್‌ಗೂ ಅದಕ್ಕೂ ಸಂಬಂಧವಿಲ್ಲ. ಹಳ್ಳಿಗಳ ಪಕ್ಕದ ಹಾಲ್ಟ್‌ಗಳು ಈ ಗುಂಪಿಗೆ ಸೇರುತ್ತವೆ. ಅನೇಕ ಹಾಲ್ಟ್‌ಗಳಲ್ಲಿ ರೈಲ್ವೆಯ ನೌಕರರೇ ಇರುವುದಿಲ್ಲ, ಕಮಿಷನ್ ಮೇಲೆ ಟಿಕೆಟ್ ಮಾರುವ ಸ್ಥಳೀಯರೊಬ್ಬರು ಇರುತ್ತಾರೆ. 2017ರ ಕೊನೆಯಿಂದ ಜಾರಿಯಲ್ಲಿರುವ ಎನ್‌ಎಸ್‌ಜಿ, ಎಸ್‌ಜಿ, ಎಚ್‌ಜಿ (ಉಪನಗರೇತರ, ಉಪನಗರ, ಹಾಲ್ಟ್ ಗುಂಪು) ಎಂಬ ವಿಂಗಡಣೆ ಬೇರೆಯದೇ ಲೆಕ್ಕ; ಅದು ಪ್ರಯಾಣಿಕರ ಸಂಖ್ಯೆ ಮತ್ತು ವರಮಾನವನ್ನು ನೋಡಿ ಎಷ್ಟು ಸೌಕರ್ಯ ಕೊಡಬೇಕೆಂದು ನಿರ್ಧರಿಸುವುದಕ್ಕೆ.

ಹಳಿಗಳು ಕವಲೊಡೆಯುವುದು ನಿಲ್ದಾಣದಲ್ಲಿ. ಆದ್ದರಿಂದ ರೈಲು ಮಾರ್ಗದಲ್ಲಿ ಅತಿ ಹೆಚ್ಚು ಅಪಾಯ ಹುದುಗಿರುವ ಜಾಗವೂ ಅದೇ. ಪಾಯಿಂಟ್ ಒಂದು ಕಡೆಗೆ, ಸಿಗ್ನಲ್ ಇನ್ನೊಂದು ಕಡೆಗೆ ಆಗಬಾರದೆಂದು ಇಂಟರ್‌ಲಾಕಿಂಗ್ ಎಂಬ ವ್ಯವಸ್ಥೆಯಿಂದ ಎರಡನ್ನೂ ಹೆಣೆದಿರುತ್ತಾರೆ: ಪಾಯಿಂಟ್ ಸರಿಯಾಗಿ ಕೂತು ಬಿಗಿಯಾದ ಹೊರತು ಸಿಗ್ನಲ್ ಹಸಿರಾಗದು, ಸಿಗ್ನಲ್ ಹಸಿರಾದ ಮೇಲೆ ಪಾಯಿಂಟ್ ಅಲುಗಾಡದು. ಮೊದಲು ಇದನ್ನು ಕಬ್ಬಿಣದ ಸನ್ನೆಗಳು ಮತ್ತು ಸರಳುಗಳು ಮಾಡುತ್ತಿದ್ದವು, ಆಮೇಲೆ ವಿದ್ಯುತ್ ರಿಲೇಗಳು ಬಂದವು, ಈಗ ಕಂಪ್ಯೂಟರ್ ಮಾಡುತ್ತದೆ. ಈ ಹೆಣಿಗೆ ತಪ್ಪಿದರೆ ಏನಾಗುತ್ತದೆಂಬುದನ್ನು 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ದೇಶ ಕಂಡಿತು. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಯಲ್ಲಿ ನೇರ ಹೋಗಲು ಹಸಿರು ಸಿಗ್ನಲ್ ಇತ್ತು, ಪಾಯಿಂಟ್ ಮಾತ್ರ ಲೂಪ್ ಲೈನ್ ಕಡೆಗೆ ತಿರುಗಿತ್ತು. ಅಲ್ಲಿ ನಿಂತಿದ್ದ ಗೂಡ್ಸ್‌ಗೆ ಗಾಡಿ ಅಪ್ಪಳಿಸಿತು, 290ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸಿಗ್ನಲ್ ಸರ್ಕ್ಯೂಟ್‌ನಲ್ಲಿ ಮಾಡಿದ ಮಾರ್ಪಾಡಿನ ಕೆಲಸದಲ್ಲಿ ಲೋಪವಾಗಿತ್ತೆಂದು ರೈಲ್ವೆ ಸುರಕ್ಷತಾ ಆಯುಕ್ತರ ವಿಚಾರಣೆ ಹೇಳಿತು.

ದೊಡ್ಡ ನಿಲ್ದಾಣಗಳಲ್ಲಿ ಈ ಮೂಲ ಕೆಲಸದ ಮೇಲೆ ಬೇರೆ ಕೆಲಸಗಳು ಕೂಡಿಕೊಳ್ಳುತ್ತವೆ. ಬಾಂಬೆ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಮತ್ತು ಮದ್ರಾಸ್ ಕಂಪನಿಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು; 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ವಾಡಿ ಜಂಕ್ಷನ್ ಹುಟ್ಟಿದ್ದು ಹೀಗೆ, ಹಳಿಗಳು ಕೂಡುವ ಜಾಗವಾಗಿ. ಬೆಂಗಳೂರಿನಲ್ಲಿ ಮದ್ರಾಸಿನ ಕಡೆಯ ಬ್ರಾಡ್‌ಗೇಜ್‌ಗೂ ಮೈಸೂರಿನ ಕಡೆಯ ಮೀಟರ್‌ಗೇಜ್‌ಗೂ ಹೊಂದಿಕೆಯಿಲ್ಲದೆ, ಒಂದರ ಸರಕನ್ನು ಇಳಿಸಿ ಇನ್ನೊಂದಕ್ಕೆ ತುಂಬುವುದೇ ದಶಕಗಳ ಕಾಲ ದೊಡ್ಡ ಕೆಲಸವಾಗಿತ್ತು. 1990ರ ದಶಕದ ಗೇಜ್ ಪರಿವರ್ತನೆಯ ಯೋಜನೆ ಆ ತಾಪತ್ರಯವನ್ನು ತಪ್ಪಿಸಿತು.

ಗಾಡಿ ಹುಟ್ಟಿ ಮುಗಿಯುವ ಟರ್ಮಿನಲ್‌ನ ಸಮಸ್ಯೆ ಮತ್ತೊಂದು ಬಗೆಯದು. ಹಾದುಹೋಗುವ ಗಾಡಿ ಪ್ಲಾಟ್‌ಫಾರ್ಮನ್ನು ಐದು ನಿಮಿಷದಲ್ಲಿ ಬಿಟ್ಟುಕೊಡುತ್ತದೆ. ದೂರದಿಂದ ಬಂದು ಮುಗಿದ ಗಾಡಿ ಹಾಗಲ್ಲ. ಜನ ಇಳಿಯಬೇಕು, ಎಂಜಿನ್ ಬಿಡಿಸಬೇಕು, ಖಾಲಿ ಬೋಗಿಗಳನ್ನು ಪಿಟ್ ಲೈನ್‌ಗೆ ಎಳೆದೊಯ್ದು ಅಡಿಭಾಗ ಪರೀಕ್ಷಿಸಿ, ತೊಳೆದು, ನೀರು ತುಂಬಿ, ಮತ್ತೆ ಹೊರಡುವ ಹೊತ್ತಿಗೆ ತಂದು ನಿಲ್ಲಿಸಬೇಕು. ಎಳೆದೊಯ್ಯುವಾಗ, ತರುವಾಗ ಅವು ಬೇರೆ ಗಾಡಿಗಳ ದಾರಿಯನ್ನು ಅಡ್ಡಲಾಗಿ ಹಾಯುತ್ತವೆ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ 10 ಪ್ಲಾಟ್‌ಫಾರ್ಮ್ ಇದ್ದರೂ ಉಸಿರುಕಟ್ಟುತ್ತಿದ್ದುದು ಇದರಿಂದಲೇ. 2022ರ ಜೂನ್ 6ರಿಂದ ಗಾಡಿ ಓಡಿಸತೊಡಗಿದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಏಳು ಪ್ಲಾಟ್‌ಫಾರ್ಮ್‌ಗಳ ಜೊತೆಗೆ ಪಿಟ್ ಲೈನ್‌ಗಳನ್ನೂ ಒದಗಿಸಿ ಈ ಹೊರೆಯನ್ನು ಹಂಚಿಕೊಂಡಿತು.

ಸರಕಿನ ನಿಲ್ದಾಣವನ್ನು ಪ್ರಯಾಣಿಕರು ಗಮನಿಸುವುದು ಕಡಿಮೆ, ಆದರೆ ರೈಲ್ವೆಯ ವರಮಾನದ ಬಹುಪಾಲು ಬರುವುದು ಸರಕಿನಿಂದ. ಗೂಡ್ಸ್ ಶೆಡ್‌ಗೆ ಸಿಮೆಂಟೋ ಗೊಬ್ಬರವೋ ಅಕ್ಕಿಯೋ ಬರುವುದು ಒಂದೆರಡು ವ್ಯಾಗನ್‌ನಲ್ಲಲ್ಲ, ಇಡೀ ರೇಕ್, ಅಂದರೆ ಪೂರ್ತಿ ಗಾಡಿಯಾಗಿ. ನಿಗದಿಯಾದ ಗಂಟೆಗಳೊಳಗೆ ಇಳಿಸಿಕೊಳ್ಳದೆ ವ್ಯಾಗನ್ ತಡೆದರೆ ಡೆಮರೇಜ್, ಇಳಿಸಿದ ಮಾಲನ್ನು ಸಾಗಿಸದೆ ಅಲ್ಲೇ ಬಿಟ್ಟರೆ ವಾರ್ಫೇಜ್ ಎಂದು ದಂಡ ಬೀಳುತ್ತದೆ. ರೇಕ್ ಬಂದ ರಾತ್ರಿ ಹಮಾಲರಿಗೂ ಲಾರಿಯವರಿಗೂ ನಿದ್ದೆಯಿಲ್ಲದಿರುವುದು ಇದೇ ಕಾರಣಕ್ಕೆ. ವೈಟ್‌ಫೀಲ್ಡ್‌ನಲ್ಲಿ ಕಂಟೇನರ್‌ಗಳಿಗೇ ಪ್ರತ್ಯೇಕ ಡಿಪೊ ಇದೆ. ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯವರು ಮಾಲು ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್‌ಗಳ ಮೇಲೆ ಹತ್ತಿಸಿ ಕಳುಹಿಸುತ್ತಾರೆ.

ಇನ್ನು ಪ್ರಯಾಣಿಕರ ಮಾತು. ನಮ್ಮೂರಿನಲ್ಲಿ ಎಕ್ಸ್‌ಪ್ರೆಸ್ ನಿಲ್ಲಿಸಿ ಎಂಬುದು ಎಲ್ಲ ಊರುಗಳ ಬೇಡಿಕೆ, ನ್ಯಾಯವಾದದ್ದೂ ಹೌದು. ಆದರೆ ಗಂಟೆಗೆ 110 ಕಿಲೋಮೀಟರ್ ಓಡುವ ಗಾಡಿ ವೇಗ ತಗ್ಗಿಸಿ, ಎರಡು ನಿಮಿಷ ನಿಂತು, ಮತ್ತೆ ವೇಗ ಹಿಡಿಯುವಷ್ಟರಲ್ಲಿ ನಾಲ್ಕೈದು ನಿಮಿಷ ಕಳೆದಿರುತ್ತದೆ. ಏಕಮಾರ್ಗವಾದರೆ ಮುಂದಿನ ಕ್ರಾಸಿಂಗ್ ತಪ್ಪಿ ಎದುರಿನ ಗಾಡಿಯೂ ತಡವಾಗುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದೆಂದು ಹೆಸರಾಗಿದೆ. ಅದರ ಉಪಯೋಗ ದಾಖಲೆಗಿಂತ ಹೆಚ್ಚಿನದು: ಒಂದರ ಹಿಂದೊಂದು ಎರಡು ಗಾಡಿಗಳನ್ನು ನಿಲ್ಲಿಸಿಕೊಂಡು ಎರಡು ದಿಕ್ಕಿಗೂ ಕಳುಹಿಸಬಹುದು. ಅಮೃತ ಭಾರತ ಯೋಜನೆಯಲ್ಲಿ ನವೀಕರಣಗೊಂಡು 2025ರ ಮೇ 22ರಂದು ಉದ್ಘಾಟನೆಯಾದ 103 ನಿಲ್ದಾಣಗಳಲ್ಲಿ ಧಾರವಾಡ, ಗದಗ, ಬಾಗಲಕೋಟೆ, ಗೋಕಾಕ್ ರೋಡ್, ಮುನಿರಾಬಾದ್ ಸೇರಿವೆ. ಲಿಫ್ಟ್, ನೆರಳು, ಅಂಗವಿಕಲರಿಗೆ ದಾರಿ ಇವೆಲ್ಲ ಬೇಕೇ ಬೇಕು, ತಡವಾಗಿಯಾದರೂ ಬರುತ್ತಿರುವುದು ಸಂತೋಷ. ಆದರೆ ಹೊಸ ಮುಂಭಾಗ ಕಟ್ಟಿದ ಮಾತ್ರಕ್ಕೆ ಗಾಡಿ ವೇಳೆಗೆ ಬರುವುದಿಲ್ಲ. ಅದಕ್ಕೆ ಯಾರ್ಡಿನ ಹಳಿಗಳನ್ನು ಮರುಜೋಡಿಸಬೇಕು, ಲೂಪ್ ಉದ್ದ ಮಾಡಬೇಕು, ಕವಲುಗಳಲ್ಲಿ ವೇಗ ಹೆಚ್ಚಿಸಬೇಕು. ಈ ಕೆಲಸಗಳಿಗೆ ಫೋಟೊ ಬೆಲೆ ಇಲ್ಲದಿರುವುದರಿಂದ ಅವುಗಳ ಸುದ್ದಿ ಪತ್ರಿಕೆಯ ಮೂಲೆಗೆ ಹೋಗುತ್ತದೆ.

ಜೋಡಿಮಾರ್ಗ ಬಂದ ಕಡೆ ಎದುರುಬದುರಿನ ಕ್ರಾಸಿಂಗ್ ಇಲ್ಲವಾಗುತ್ತದೆ. ಮುಂದಿನ ನಿಧಾನದ ಗಾಡಿಯನ್ನು ಹಿಂದಿನ ವೇಗದ ಗಾಡಿ ದಾಟಿಹೋಗುವುದಕ್ಕೆ ಮಾತ್ರ ಲೂಪ್ ಬೇಕಾಗುತ್ತದೆ. ಸುಮಾರು ಕಿಲೋಮೀಟರಿಗೊಂದರಂತೆ ತಾನಾಗಿ ಬದಲಾಗುವ ಆಟೊಮ್ಯಾಟಿಕ್ ಸಿಗ್ನಲ್ ಹಾಕಿದರೆ, ಗಾಡಿಗಳ ನಡುವೆ ಅಂತರ ಕಾಯುವ ಕೆಲಸವೂ ನಿಲ್ದಾಣದ ಕೈಬಿಟ್ಟು ಸಿಗ್ನಲ್ ಕಂಬಗಳಿಗೆ ಹೋಗುತ್ತದೆ. ನಿಲ್ದಾಣದ ಎರಡು ಉದ್ದೇಶಗಳು ಹೀಗೆ ಬೇರೆಬೇರೆಯಾಗುವುದನ್ನು ಎರಡು ಹೊಸ ವ್ಯವಸ್ಥೆಗಳಲ್ಲಿ ಪೂರ್ತಿಯಾಗಿ ನೋಡಬಹುದು. ಸರಕಿಗೆಂದೇ ಕಟ್ಟಿದ ಡೆಡಿಕೇಟೆಡ್ ಫ್ರೇಟ್ ಕಾರಿಡಾರ್‌ಗಳಲ್ಲಿ ಒಂದೂವರೆ ಕಿಲೋಮೀಟರ್ ಉದ್ದದ ಗಾಡಿ ಹಿಡಿಸುವ ಲೂಪ್‌ಗಳಿರುವ ನಿಲ್ದಾಣಗಳಿವೆ, ಅಲ್ಲಿ ಟಿಕೆಟ್ ಕಿಟಕಿಯಿಲ್ಲ. ಪೂರ್ವದ ಕಾರಿಡಾರ್‌ನ ಸಂಚಾರವನ್ನೆಲ್ಲ ಪ್ರಯಾಗ್‌ರಾಜ್‌ನ ಒಂದೇ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುತ್ತಾರೆ. ನಮ್ಮ ಮೆಟ್ರೊದ ನಿಲ್ದಾಣಗಳಲ್ಲಿ ಜನರೇ ಜನ. ಅಲ್ಲಿ ಲೈನ್ ಕ್ಲಿಯರ್ ಕೇಳುವವರೂ ಇಲ್ಲ, ಬಾವುಟ ಹಿಡಿದು ಕಡೆಯ ಬೋಗಿ ನೋಡುವವರೂ ಇಲ್ಲ. ಹಳೆಯ ಮಾರ್ಗಗಳಲ್ಲಿ ಎರಡೂ ಕೆಲಸ ಇನ್ನೂ ಒಂದೇ ಸೂರಿನಡಿ ನಡೆಯುತ್ತಿವೆ, ಘಟ್ಟದ ಏಕಮಾರ್ಗ ಜೋಡಿಯಾಗುವವರೆಗೆ ಎಡಕುಮೇರಿಯಲ್ಲಿ ಮೊದಲನೆಯ ಕೆಲಸಕ್ಕೆ ಜನರಿಲ್ಲದಿದ್ದರೂ ಎರಡನೆಯದಕ್ಕೆ ಬಿಡುವಿರುವುದಿಲ್ಲ.